ಹೂಂ ಅನ್ನುವ ತನಕ

ಹೋದ ತಿಂಗಳು ನನ್ನ ಹಳೆಯ ದವಾಖಾನೆಗೆ ಹೊಸದಾಗಿ ಬಂದ ನರ್ಸ್ ಹುಡುಗಿ ಫೋನ್ ಮಾಡಿದ್ದಳು. "ಬಾಯಾರ, ಕಬ್ಬಿನ ಹಂಗಾಮು ಸುರು ಆತ್ರಿ. ದಿನಾ ನಾಕೈದು ಮಂದಿ ಕಾಲು ಕೊಯ್ಕೊಂಡು ಬರಾಕತ್ತಾರ. ಹೊಲಿಗಿ ದಾರ ಎಷ್ಟು ತರಿಸಿಡ್ಲಿ?" ಎಂದು ಕೇಳಿದಳು. ದಾರ ಎಷ್ಟು ಬೇಕೆಂದು ಹೇಳಿ ಫೋನ್ ಇಟ್ಟೆ. ಇಟ್ಟ ಮೇಲೆ ಸಮಾಧಾನವಾಗಲಿಲ್ಲ. ಅವಳಿಗೆ ಹೇಳಬೇಕಾದ ಮಾತು ಬೇರೆ ಇತ್ತು. ಅದಕ್ಕೇ ಬನಹಟ್ಟಿಯ ನಮ್ಮ ಮನೆಯ ಮಹಡಿಯಲ್ಲಿ, ಕೆಳಗೆ ತಮ್ಮನ ಮಗ್ಗಗಳ ಗದ್ದಲ ಕೇಳುತ್ತಾ, ಇದನ್ನು ಬರೆಯಲು ಕೂತಿದ್ದೇನೆ.

ನಮ್ಮ ಭಾಗದ ಒಂದು ಸಕ್ಕರೆ ಕಾರ್ಖಾನೆಯ ದವಾಖಾನೆಯಲ್ಲಿ ನಾನು ನರ್ಸ್ ಆಗಿದ್ದೆ. ಕಾರ್ಖಾನೆಯ ಹೆಸರು ಬೇಡ. ನಾನು ಯಾವ ಹುದ್ದೆಗೆ ಏರಿದೆ, ಯಾರು ಶಾಲು ಹೊದಿಸಿದರು ಅನ್ನುವುದನ್ನು ನಿವೃತ್ತಿಯ ದಿನ ಭಾಷಣ ಮಾಡಿದವರು ಹೇಳಿ ಮುಗಿಸಿದ್ದಾರೆ. ಅವರಿಗೆ ಗೊತ್ತಿಲ್ಲದ್ದನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ಕಬ್ಬು ಕಡಿಯುವವರ ಕೈಯಲ್ಲಿರುವುದು ಕೊಯ್ತಾ. ಅಗಲ ಅಲಗು, ಗೇಣುದ್ದದ ಮರದ ಹಿಡಿಕೆ. ಗಂಡ ಬುಡದಲ್ಲಿ ಕಡಿಯುತ್ತಾನೆ, ಹೆಂಡತಿ ಕಡಿದದ್ದನ್ನು ಎಳೆದು, ಸೋಗೆ ಸವರಿ, ಹೊರೆ ಕಟ್ಟುತ್ತಾಳೆ. ಕೆಲವು ಕಡೆ ಹೆಂಗಸರೂ ಕಡಿಯುತ್ತಾರೆ. ಇಬ್ಬರಿದ್ದರೇ ಕೆಲಸ ಸಾಗುವುದರಿಂದ, ಗ್ಯಾಂಗಿನ ಲೆಕ್ಕದಲ್ಲಿ ಗಂಡ ಹೆಂಡಿರ ಜೋಡಿಯನ್ನೇ 'ಒಂದು ಕೊಯ್ತಾ' ಅನ್ನುತ್ತಾರೆ. ನಮ್ಮಲ್ಲಿ ಹನ್ನೆರಡು ಕೊಯ್ತಾ ಬಂದವು ಅಂದರೆ ಇಪ್ಪತ್ನಾಲ್ಕು ಮಂದಿ ಬಂದರು ಅಂತ ಅರ್ಥ. ಮೊದಲ ವರ್ಷ ನನಗೆ ಇದು ತಿಳಿಯದೆ ಹನ್ನೆರಡು ಜನರಿಗಷ್ಟೇ ಧನುರ್ವಾಯುವಿನ ಇಂಜೆಕ್ಷನ್ ತರಿಸಿ, ಡಾಕ್ಟರ್ ಸಾಹೇಬರಿಂದ ಎಲ್ಲರೆದುರು ಬೈಸಿಕೊಂಡಿದ್ದೆ.

ಆ ದಿನಗಳಲ್ಲಿ ನಾನು ಗಾಯ ತೊಳೆದು, ಹೊಲಿದು, "ಜೋಪಾನ ಕಡೀರಿ" ಎಂದು ಬುದ್ಧಿ ಹೇಳಿ ಕಳಿಸುತ್ತಿದ್ದೆ. ಒಂದು ದಿನ ಬೀಳಗಿ ಕಡೆಯ ಗ್ಯಾಂಗಿನ ಮಾಳವ್ವ ಕಾಲು ಕೊಯ್ದುಕೊಂಡ ಗೆಳತಿಯನ್ನು ಕರೆದುಕೊಂಡು ಬಂದಿದ್ದಳು. ಮಾಳವ್ವ ಮೂವತ್ತು ದಾಟದ, ಎತ್ತರದ ಹೆಣ್ಣುಮಗಳು, ಮಾತು ಜೋರು. ನನ್ನ ಬುದ್ಧಿಮಾತು ಕೇಳಿ ನಕ್ಕಳು.

"ಬಾಯಾರ, ಜೋಪಾನ ಅಂದ್ರ ಹೆಂಗ್ರಿ? ಒಂದ್ಸಲ ತೋರಸ್ರಿ."

ಕೊಯ್ತಾದ ಅಲಗನ್ನು ತನ್ನ ಕಡೆ ಇಟ್ಟುಕೊಂಡು, ಹಿಡಿಕೆಯನ್ನು ನನ್ನ ಕಡೆ ಚಾಚಿದಳು. ದವಾಖಾನೆಯ ಹಿಂದೆ ನಾಲ್ಕು ಗಳ ಕಬ್ಬು ಬೆಳೆದಿದ್ದವು. ಹಟಕ್ಕೆ ಬಿದ್ದು ಹೋಗಿ ಬೀಸಿದೆ. ಕೊಯ್ತಾ ಕಬ್ಬಿಗೆ ತಾಗಿ ಜಾರಿ ಬಂದು ನನ್ನ ಎಡಗಾಲಿಗೆ ಬಡಿಯಿತು. ಮಾಳವ್ವನೇ ನನ್ನನ್ನು ಕೂರಿಸಿ, ನನ್ನ ಟ್ರೇಯಿಂದಲೇ ಹತ್ತಿ ತಗೊಂಡು ಒತ್ತಿ ಹಿಡಿದಳು.

"ನೋಡ್ರಿ, ಎಲ್ಲಿ ತಾಗೇತಿ? ಎಡಗಾಲು, ಒಳಮಗ್ಗಲು. ಬಲಗೈಲಿ ಬೀಸಿದ ಕೊಯ್ತಾ ತಪ್ಪಿದ್ರ ಅಲ್ಲೇ ಬರತೈತಿ. ಇಷ್ಟು ಮಂದೀಗಿ ಹೊಲಿಗಿ ಹಾಕೀರಿ, ಇದನ್ನ ನೋಡಿಲ್ಲೇನ್ರಿ?"

ನೋಡಿರಲಿಲ್ಲ. ಆ ರಾತ್ರಿ ರಿಜಿಸ್ಟರ್ ತೆಗೆದು ಹಿಂದಿನ ಪುಟಗಳನ್ನು ಓದಿದೆ. 'ಎಡಗಾಲು' ಎಂದು ನಾನೇ ಬರೆದಿದ್ದೆ, ಪುಟ ಪುಟಕ್ಕೂ.

ಆಮೇಲೆ ಭಾನುವಾರಗಳಂದು ಮಾಳವ್ವ ಇರುವ ಪಡಕ್ಕೆ ಹೋಗತೊಡಗಿದೆ. ಪಡ ಅಂದರೆ ಕಬ್ಬಿನ ಹೊಲ. ಅವಳು ಮೂರು ವಾರ ನನ್ನ ಕೈಗೆ ಕೊಯ್ತಾ ಕೊಡಲಿಲ್ಲ, ಕೋಲು ಕೊಟ್ಟಳು. ಎಡಗಾಲು ಹಿಂದೆ ಇಡಬೇಕು. ಬೀಸುವ ಮೊದಲು ತೋಳು ಚಾಚಿ ಸುತ್ತ ತಿರುಗಬೇಕು, ಕೋಲು ಯಾರಿಗೂ ತಾಗಬಾರದು. ಏಟು ನೆಲದ ಕಡೆ ಇಳಿಯಬೇಕು, ಅಡ್ಡಕ್ಕೆ ಹೋಗಬಾರದು. ಮೊಂಡ ಕೊಯ್ತಾ ಕಬ್ಬಿಗೆ ಕಚ್ಚುವುದಿಲ್ಲ, ಜಾರುತ್ತದೆ, ಆದ್ದರಿಂದ ದಿನಾ ಮುಂಜಾನೆ ಸಾಣೆಕಲ್ಲಿಗೆ ತಿಕ್ಕಬೇಕು. ಹಿಡಿಕೆಗೆ ಕೆಂಪು ಅರಿವೆ ಸುತ್ತಬೇಕು, ಇಲ್ಲದಿದ್ದರೆ ರವದಿಯೊಳಗೆ, ಅಂದರೆ ಒಣಗಿದ ಎಲೆಯ ರಾಶಿಯೊಳಗೆ, ಕಾಣದೆ ಬಿದ್ದು ಯಾರದೋ ಅಂಗಾಲು ಹಿಡಿಯುತ್ತದೆ.

ಅವಳಿಗೂ ಅವಳ ಗಂಡ ಭರಮಪ್ಪನಿಗೂ ಮಾತ್ರ ಇದ್ದ ಒಂದು ಪದ್ಧತಿ ನನಗೆ ಎಲ್ಲಕ್ಕಿಂತ ಹಿಡಿಸಿತು. ಭರಮಪ್ಪ ಮಾತು ಕಡಿಮೆಯ, ಗಟ್ಟಿ ಆಳು. ಎರಡು ಏಟು ಹಾಕಿ ಅವನು ನಿಲ್ಲುತ್ತಿದ್ದ. ಮಾಳವ್ವ ಬಗ್ಗಿ ಕಬ್ಬು ಎಳೆದುಕೊಂಡು, ಕೈ ಹಿಂದೆ ತೆಗೆದು "ಹೂಂ" ಅನ್ನುತ್ತಿದ್ದಳು. ಅದು ಕಿವಿಗೆ ಬಿದ್ದ ಮೇಲೆಯೇ ಅವನು ಕೊಯ್ತಾ ಎತ್ತುತ್ತಿದ್ದ. ಚಕ್, ಚಕ್. ಸುಮ್ಮನೆ. ಹೂಂ. ಚಕ್, ಚಕ್.

"ಇದನ್ನ ಎಲ್ಲಾ ಗ್ಯಾಂಗಿಗೂ ಕಲಿಸೂಣು," ಅಂದೆ. ಮುಂದಿನ ಹಂಗಾಮಿನಿಂದ ಹೊಸಬರಿಗೆ ಮೊದಲ ದಿನ ನಾನೂ ಮಾಳವ್ವನೂ ಸೇರಿ ಪಾಠ ಮಾಡಿದೆವು. ಡಾಕ್ಟರ್ ಸಾಹೇಬರು ಕಿಟಕಿಯಿಂದ ನೋಡಿ, "ಸಿಸ್ಟರ್, ಕಡಿಯೂದು ಅವರ ಕೆಲಸ, ಹೊಲಿಯೂದು ನಮ್ಮ ಕೆಲಸ. ಯಾಕ ಅದಲು ಬದಲು ಮಾಡಾಕತ್ತೀರಿ?" ಎಂದರು. ಆದರೆ ನಿಲ್ಲಿಸಲಿಲ್ಲ. ಎರಡು ವರ್ಷದಲ್ಲಿ ಎಲ್ಲ ಪಡಗಳಲ್ಲೂ 'ಹೂಂ' ಕೇಳತೊಡಗಿತು. ಗಾಯಗಳು ಇಳಿದವು. ನನಗೆ ಸ್ವಲ್ಪ ಹೆಮ್ಮೆಯೂ ಬಂತು.

ಆ ಹೆಮ್ಮೆಯ ವರ್ಷವೇ ಚಿಕ್ಕಪಡಸಲಗಿ ಕಡೆಯ ಹೊಳೆದಂಡೆಯ ಒಂದು ಪಡದಲ್ಲಿ ಮಾಳವ್ವನ ಕೈಗೆ ಕೊಯ್ತಾ ಬಿತ್ತು.

ಭಾನುವಾರ, ಡಾಕ್ಟರ್ ಸಾಹೇಬರು ಊರಲ್ಲಿರಲಿಲ್ಲ. ಭರಮಪ್ಪ ಅವಳನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿಕೊಂಡು ಬಂದ. ಅವಳ ಬಲಗೈ ಮಣಿಕಟ್ಟಿನ ಮೇಲೆ ಆಳವಾದ ಗಾಯ. ಅವನ ಮುಖ ರವದಿಯ ಹಾಗೆ ಬಣ್ಣಗೆಟ್ಟಿತ್ತು.

"ನನಗ ಹೂಂ ಅಂದಂಗ ಕೇಳಿಸ್ತ್ರಿ ಬಾಯಾರ. ಖರೆ ಕೇಳಿಸ್ತು."

"ನಾ ಅಂದಿಲ್ಲ," ಅಂದಳು ಮಾಳವ್ವ, ನೋವಿನಲ್ಲೂ ನಗಲು ನೋಡುತ್ತಾ. "ಬಾಜೂ ಸಾಲಿನಾಗ ಯಾರೋ ಅಂದ್ರು. ಎಲ್ಲಾರಿಗೂ ನಾವ ಕಲಿಸೇವಲ್ರಿ."

ಪಕ್ಕದ ಜೋಡಿಯ ಹೂಂ. ಅದಕ್ಕೆ ಇವನು ಕೊಯ್ತಾ ಎತ್ತಿದ್ದ. ನಾನು ಕಲಿಸಿದ ಪದ್ಧತಿಯಲ್ಲೇ ಇಂಥದ್ದೊಂದು ತೂತು ಇದೆಯೆಂದು ನನಗೆ ಹೊಳೆದೇ ಇರಲಿಲ್ಲ.

ಇನ್ನು ನನ್ನ ತಪ್ಪು. ಅಂಥ ಗಾಯವನ್ನು ನೇರ ದೊಡ್ಡ ಆಸ್ಪತ್ರೆಗೆ ಕಳಿಸಬೇಕಿತ್ತು. ಹೊರಗೆ ಹತ್ತಾರು ಜನ ಕಾಯುತ್ತಿದ್ದರು, ನನ್ನ ಕೈಯ ಮೇಲೆ ನನಗೆ ನಂಬಿಕೆ ಹೆಚ್ಚಿತ್ತು. ತೊಳೆದೆ, ಹೊಲಿದೆ, ಇಂಜೆಕ್ಷನ್ ಕೊಟ್ಟೆ, ಎಂಟು ದಿನ ಕೆಲಸ ಬೇಡ ಅಂದೆ. ಅವಳು ಮೂರನೆಯ ದಿನ ಪಡಕ್ಕೆ ಹೋಗಿದ್ದಳು. ಐದನೆಯ ದಿನ ಜ್ವರ, ತೋಳು ಭುಜದ ತನಕ ಬಾತಿತ್ತು. ದೊಡ್ಡ ಆಸ್ಪತ್ರೆಯಲ್ಲಿ ನನ್ನ ಹೊಲಿಗೆ ಬಿಚ್ಚಿದಾಗ ಒಳಗೆ ರವದಿಯ ಚೂರೊಂದು ಸಿಕ್ಕಿತು. ನಾನು ತೊಳೆದೆ ಎಂದುಕೊಂಡಿದ್ದ ಗಾಯದೊಳಗೇ ಅದು ಉಳಿದಿತ್ತು. ಮಾಳವ್ವ ಮಾರನೆಯ ಮುಂಜಾನೆ ತೀರಿಕೊಂಡಳು.

ಚೂರಿನ ವಿಷಯ ಅಲ್ಲಿಯ ಡಾಕ್ಟರು ನನಗೆ ಹೇಳಿದರು. ಭರಮಪ್ಪನಿಗೆ ಯಾರೂ ಹೇಳಲಿಲ್ಲ. ಅವನು ವರಾಂಡದಲ್ಲಿ ಕೂತು ತನ್ನ ಬಲಗೈಯನ್ನೇ ನೋಡುತ್ತಿದ್ದ. ನಾನು ಅವನ ಎದುರು ನಿಂತೆ, ಬಾಯಿ ತೆರೆದೆ, "ನೀರು ಕುಡೀತಿ ಏನಪ್ಪಾ?" ಎಂದು ಕೇಳಿದೆ. ಅಷ್ಟೇ ಬಂತು ಬಾಯಿಗೆ.

ಮುಂದಿನ ಹಂಗಾಮಿಗೆ ಗ್ಯಾಂಗು ಬಂದಾಗ ಭರಮಪ್ಪ ಇರಲಿಲ್ಲ. ಗ್ಯಾಂಗಿನ ಮುಖ್ಯಸ್ಥ ಯಮನಪ್ಪನನ್ನು ಕೇಳಿದೆ.

"ದೀಪಾವಳಿ ಮುಂದ ಮನಿ ಬಿಟ್ಟು ಹೋಗ್ಯಾನ್ರಿ. ಕೊಯ್ತಾ ಒಂದು ತಗೊಂಡು ಹೋಗ್ಯಾನ. ಹುಡುಕದ ಜಾಗಾ ಇಲ್ಲ."

ಆ ಹೊಳೆದಂಡೆಯ ಪಡದಲ್ಲಿ ಹಿಂದಿನ ವರ್ಷ ಕಡಿದ ಬುಡಗಳೇ ಮತ್ತೆ ಚಿಗುರಿ ಬೆಳೆದಿದ್ದವು. ಗಾಳಿಮಳೆಗೆ ಕಬ್ಬು ಬಿದ್ದು, ಒಂದರ ಮೇಲೊಂದು ಹೆಣೆದುಕೊಂಡು ಗೋಡೆಯ ಹಾಗೆ ನಿಂತಿತ್ತು. ಒಳಗೆ ಕೈ ಹಾಕಿದರೆ ಮೊಣಕೈಯಿಂದ ಮುಂದೆ ಕಾಣುತ್ತಿರಲಿಲ್ಲ. ಅದೇ ಗ್ಯಾಂಗು ಅಲ್ಲಿ ಕಡಿಯಲು ಇಳಿಯಿತು. ಚಳಿಗಾಲ, ಹೊಳೆಯಿಂದ ಮಂಜು ಎದ್ದು ಹತ್ತು ಗಂಟೆಯ ತನಕ ಕರಗುತ್ತಿರಲಿಲ್ಲ.

ಮೊದಲ ದಿನ ಒಬ್ಬ ಬಂದ, ಎಡಗಾಲಿಗೆ ಗಾಯ. ಎರಡನೆಯ ದಿನ ಇನ್ನೊಬ್ಬ, ಎಡಗಾಲು. ಹೊಲಿದು ಕಳಿಸಿದೆ. ಇಬ್ಬರೂ ಹೇಗಾಯಿತೆಂದು ಹೇಳಲಿಲ್ಲ, ನೆಲ ನೋಡಿದರು. ಅದೇ ದಿನ ಕಾರ್ಖಾನೆಯ ಫೀಲ್ಡ್‌ಮ್ಯಾನ್ ಶಿವಾನಂದ ನಗುತ್ತಾ ಹೇಳಿದ: "ಬಾಯಾರ, ಆ ಪಡದಾಗ ದೆವ್ವ ಐತೆಂತ. ಗಿಡದಾಗ ಕಟ್ಟಿದ ರೊಟ್ಟಿ ಗಂಟು ಎರಡು ದಿನ ಆತು ಕಾಣವಲ್ದಂತ. ಕಡಿಯೂ ಸಪ್ಪಳ ಕಬ್ಬಿನ ಒಳಗಿಂದ ಬರತೈತೆಂತ."

ಮೂರನೆಯ ಮುಂಜಾನೆ ಎಂಟೂವರೆಗೆ ರೇಣವ್ವ ರಕ್ತ ಸುರಿಯುವ ಎಡಗಾಲು ಎಳೆದುಕೊಂಡು ಬಂದಳು. ಅವಳು ಕಡಿಯುವ ಹೆಂಗಸು, ನನ್ನಿಂದಲೇ ಪಾಠ ಕಲಿತವಳು. ಅವಳ ಹಲ್ಲು ಕಟಕಟ ಅನ್ನುತ್ತಿದ್ದವು.

"ಹೆಂಗ ಆತು ರೇಣವ್ವಾ? ಎಡಗಾಲು ಹಿಂದ ಇಟ್ಟಿರಲಿಲ್ಲೇನು?"

"ನಾ ಕೊಯ್ತಾ ಎತ್ತೇ ಇಲ್ರಿ ಬಾಯಾರ. ನಮ್ಮ ನೆಗೆಣ್ಣಿ ಹೂಂ ಅಂದ್ಲು. ಅಂದ ಗಳಿಗ್ಯಾಗ ಕಬ್ಬಿನ ಒಳಗಿಂದ ಕೊಯ್ತಾ ಬಂತು. ಕೈ ಕಾಣಲಿಲ್ಲ, ಮಾರಿ ಕಾಣಲಿಲ್ಲ. ಅವರಿಬ್ಬರಿಗೂ ಹಂಗ ಆಗೇತ್ರಿ. ಹೂಂ ಅಂದ ಕೂಡ್ಲೆ ಬರತೈತಿ." ಅವಳು ದನಿ ತಗ್ಗಿಸಿದಳು. "ಆಕೀನ ಅದಾಳಲ್ರಿ ಅಲ್ಲಿ. ಮಾಳಕ್ಕ. ಆಕಿ ಕೈಗೆ ಕೊಯ್ತಾ ಬಿದ್ದದ್ದು ಅಲ್ಲೇ ಅಲ್ಲೇನ್ರಿ?"

ರಕ್ತ ಒರೆಸಿ ಗಾಯ ತೆರೆದು ನೋಡಿದೆ. ಎಡಗಾಲಿನ ಹೊರಮಗ್ಗಲು. ಒಳಮಗ್ಗಲಲ್ಲ. ಹಿಂದಿನ ಇಬ್ಬರದೂ ಹಾಗೇ ಇತ್ತು, ಗಡಿಬಿಡಿಯಲ್ಲಿ ನಾನು ಗಮನಿಸಿರಲಿಲ್ಲ. ತನ್ನ ಕೊಯ್ತಾ ತಪ್ಪಿದರೆ ಹೊರಮಗ್ಗಲಿಗೆ ಬರುವುದಿಲ್ಲ. ಎದುರು ನಿಂತು ಬಲಗೈಯಲ್ಲಿ ಬೀಸಿದವನ ಏಟು ಮಾತ್ರ ಅಲ್ಲಿಗೆ ಬರುತ್ತದೆ. ಗಾಯದ ಅಂಚು ಹರಿದ ಹಾಗಿತ್ತು, ಸಾಣೆ ಕಾಣದ ಅಲಗಿನದು. ಹತ್ತಿಯಿಂದ ಒರೆಸಿದಾಗ ಕಂದು ಪುಡಿ ಅಂಟಿತು. ತುಕ್ಕು.

ದೆವ್ವದ ಕೊಯ್ತಾಕ್ಕೆ ತುಕ್ಕು ಹಿಡಿಯುತ್ತದೆಯೇ?

"ರೇಣವ್ವಾ, ಉಳಿದವರು ಈಗ ಏನು ಮಾಡಾಕತ್ತಾರ?"

"ಯಾರೂ ಇಳಿಯಾಂಗಿಲ್ರಿ. ಹೊಲದ ಗೌಡ್ರು ಬೆಂಕಿ ಹಚ್ಚರಿ ಅಂದಾರ. ನಡುವಿನ ತುಂಡು ಸುಟ್ಟು ಆಮ್ಯಾಗ ಕಡಿಯೂದಂತ. ನಾಕೂ ಕಡೆಯಿಂದ ಹಚ್ಚತಾರ."

ಕಬ್ಬಿಗೆ ಬೆಂಕಿ ಕೊಟ್ಟು ರವದಿ ಸುಡುವುದು ನಮ್ಮ ಕಡೆ ಹೊಸದೇನಲ್ಲ. ನಾಲ್ಕು ಕಡೆಯಿಂದ ಹಚ್ಚಿದರೆ ಒಳಗಿನ ಮೊಲ, ನರಿ ಒಂದೂ ಹೊರಗೆ ಬರುವುದಿಲ್ಲ. ರೇಣವ್ವನ ಗಾಯವನ್ನು ಡಾಕ್ಟರ್ ಸಾಹೇಬರ ಕೈಗೆ ಒಪ್ಪಿಸಿದೆ. "ಎಲ್ಲಿಗೆ ಸಿಸ್ಟರ್?" ಅಂದರು. ಅಷ್ಟರಲ್ಲಿ ಹೊರಗೆ ಬಂದು ಶಿವಾನಂದನ ಬೈಕಿನ ಹಿಂದೆ ಕೂತೆ. ದಾರಿಯುದ್ದಕ್ಕೂ ಅವನು ಯಮನಪ್ಪನಿಗೆ ಫೋನ್ ಹಚ್ಚುತ್ತಿದ್ದ. ಹೊಳೆದಂಡೆಯಲ್ಲಿ ಸಿಗ್ನಲ್ ಸಿಗಲಿಲ್ಲ.

ನಾವು ಮುಟ್ಟಿದಾಗ ಮಂಜು ಇನ್ನೂ ಇತ್ತು. ಸುತ್ತ ಕಡಿದು, ನಡುವೆ ಒಂದು ಎಕರೆಯಷ್ಟು ಕಬ್ಬು ಕಪ್ಪಗೆ ನಿಂತಿತ್ತು. ಮೂಲೆ ಮೂಲೆಗೆ ಗಂಡಸರು ಒಣ ರವದಿಯ ಸೂಡಿ ಹಿಡಿದು ನಿಂತಿದ್ದರು. ಯಮನಪ್ಪನ ಕೈಯಲ್ಲಿ ಕಡ್ಡಿಪೆಟ್ಟಿಗೆ.

"ಯಮನಪ್ಪಾ, ಹಚ್ಚಬ್ಯಾಡ! ಒಳಗ ಮನಿಷ್ಯಾ ಅದಾನ!"

"ಮನಿಷ್ಯಾ ಅಲ್ರಿ ಅದು. ನೀವು ಹಿಂದ ಸರೀರಿ ಬಾಯಾರ."

"ಒಂದು ಗಳಿಗಿ ಎಲ್ಲಾರೂ ಸುಮ್ಮ ನಿಂದರ್ರಿ. ಕೇಳಸ್ಕೋರಿ."

ನಿಂತರು. ಮಂಜಿನ ಹನಿ ಎಲೆಯಿಂದ ಎಲೆಗೆ ತೊಟ್ಟಿಕ್ಕುವುದು ಕೇಳಿತು. ಬಹಳ ಹೊತ್ತು ಬೇರೇನೂ ಇಲ್ಲ. ಆಮೇಲೆ ಕಬ್ಬಿನ ಹೊಟ್ಟೆಯೊಳಗಿಂದ ಬಂತು. ಚಕ್, ಚಕ್. ನಿಂತಿತು.

ಯಾರೋ ಸೂಡಿ ಕೆಳಗೆ ಹಾಕಿ ಓಡಿದರು. ನಾನು ಕಾದೆ. ಮೂರನೆಯ ಏಟು ಬರಲಿಲ್ಲ. ಆ ಸುಮ್ಮನಿರುವಿಕೆ ನನಗೆ ಗುರುತು ಸಿಕ್ಕಿತು. ಎಷ್ಟು ಭಾನುವಾರ ಅದರ ಪಕ್ಕದಲ್ಲಿ ನಿಂತಿದ್ದೆ! ಒಳಗಿದ್ದವನು ಯಾರದೋ ಮಾತಿಗೆ ಕಾಯುತ್ತಿದ್ದ.

ನನಗೆ ಯಾಕೆ ಹಾಗೆ ಮಾಡಬೇಕೆನ್ನಿಸಿತೋ ಇವತ್ತಿಗೂ ಹೇಳಲಾರೆ. ಕಬ್ಬಿನ ಗೋಡೆಯ ಹತ್ತಿರ ಬಾಯಿ ಒಯ್ದು "ಹೂಂ" ಅಂದೆ.

ಚಕ್, ಚಕ್.

ಯಮನಪ್ಪನ ಕೈಯಿಂದ ಕಡ್ಡಿಪೆಟ್ಟಿಗೆ ಬಿತ್ತು. ಅವನೆಂದು ತಿಳಿದೇ ಅಂದಿದ್ದೆ. ತಿಳಿದಿದ್ದರೂ ಆ ಉತ್ತರ ಕೇಳಿ ಮೈಯ ಕೂದಲೆಲ್ಲ ನಿಂತವು. ಅವನ ಕಿವಿಗೆ ಕೇಳಿದ್ದು ನನ್ನ ದನಿಯಲ್ಲ ಅನ್ನುವುದು ನನಗೆ ಗೊತ್ತಿತ್ತು.

"ಭರಮಪ್ಪ ಅದಾನ ಒಳಗ," ಅಂದೆ. "ಇನ್ನ ಯಾರೂ ಹೂಂ ಅನ್ನಬ್ಯಾಡ್ರಿ. ಏನ ಆಗ್ಲಿ, ಅನ್ನಬ್ಯಾಡ್ರಿ."

ಸೀರೆ ಎತ್ತಿ ಕಟ್ಟಿ, ಎರಡು ಸಾಲಿನ ನಡುವಿನ ತಗ್ಗಿನಲ್ಲಿ ಮಂಡಿಯೂರಿ ಒಳಗೆ ಹೋದೆ. ಎಲೆಯ ಅಂಚು ಮುಖ ಗೀರಿತು. ಇಪ್ಪತ್ತು ಮೊಳ ಹೋದೆನೋ, ಐವತ್ತೋ, ಗೊತ್ತಿಲ್ಲ. ಇದ್ದಕ್ಕಿದ್ದಂತೆ ಕಬ್ಬು ಮುಗಿದು ಬಯಲು ಬಂತು.

ಕೋಣೆಯಷ್ಟು ಜಾಗ. ಒಳಗಿಂದ ಕಡಿದು ಕಡಿದು ಮಾಡಿದ್ದು. ಬುಡ ನೆಲಕ್ಕೆ ಸಮ, ಒಂದು ಗೆಣ್ಣೂ ಮೇಲೆ ಉಳಿದಿರಲಿಲ್ಲ. ಕಡಿದ ಕಬ್ಬನ್ನು ಹೊರೆ ಹೊರೆಯಾಗಿ ಸಾಲಾಗಿ ಇಟ್ಟಿತ್ತು. ಪ್ರತಿ ಗುಂಪಿನ ಕೆಳಗೂ ಕಟ್ಟಲು ಹಸಿ ಸೋಗೆ ಹಾಸಿತ್ತು, ಕಟ್ಟಿರಲಿಲ್ಲ. ಕಟ್ಟುವವಳು ಈಗ ಬರುತ್ತಾಳೆ ಅನ್ನುವ ಹಾಗೆ. ಕೊನೆಗೆ ಭರಮಪ್ಪ ನಿಂತಿದ್ದ. ಗಡ್ಡ ಎದೆಗೆ ಬಂದಿತ್ತು, ಕಣ್ಣು ಒಳಗೆ ಹೋಗಿದ್ದವು. ಕೈಯಲ್ಲಿ ತುಕ್ಕು ಹಿಡಿದ ಕೊಯ್ತಾ. ನನ್ನನ್ನು ನೋಡಿದ. ನನ್ನ ಹಿಂದೆ ಇನ್ನೇನನ್ನೋ ನೋಡುವಂತೆ ನೋಡಿದ.

"ಎಷ್ಟೊತ್ತು ಮಾಡಿದಿ?" ಅಂದ. "ಲಗೂನ ಕಟ್ಟು. ಟ್ರ್ಯಾಕ್ಟರ್ ಬರತೈತಿ."

ನಾನು ಮಾತಾಡಲಿಲ್ಲ. ಹತ್ತಿರದ ಗುಂಪಿನ ಬಳಿ ಕೂತು ಸೋಗೆ ಹೊಸೆದು ಕಟ್ಟಿದೆ. ಅವನು ಕೊಯ್ತಾ ಇಳಿಬಿಟ್ಟು ಕಾಯುತ್ತಾ ನಿಂತ. ಎರಡನೆಯದು ಕಟ್ಟಿದೆ. ನಾನು ಬಾಯಿ ಬಿಡದಿರುವ ತನಕ ಆ ಕೈ ಮೇಲೇಳುವುದಿಲ್ಲ ಅನ್ನುವುದು ನನಗೆ ನಿಧಾನಕ್ಕೆ ಅರ್ಥವಾಯಿತು. ಎಷ್ಟು ಕಟ್ಟಿದೆನೋ ಲೆಕ್ಕವಿಲ್ಲ. ಬೆರಳು ಸೀಳಿ ರಕ್ತ ಬಂತು. ಅವನ ಕಾಲು ನಡುಗುವುದು ಕಂಡಿತು. ಆಗ ಎದ್ದು, ಮೊದಲ ಸಲ ಮಾತಾಡಿದೆ.

"ಭರಮಪ್ಪಾ, ನಾ ದವಾಖಾನಿ ನರ್ಸ್ ಇದೀನಿ. ಕಟ್ಟೂದು ಆತು. ಕೊಯ್ತಾ ಕೆಳಗ ಇಡು."

ಅವನು ಬಗ್ಗಿ, ಅಲಗು ತನ್ನ ಕಡೆ, ಹಿಡಿಕೆ ನನ್ನ ಕಡೆ ಬರುವಂತೆ ಕೊಯ್ತಾವನ್ನು ನೆಲದ ಮೇಲಿಟ್ಟ. ಇಟ್ಟವನು ಹಾಗೇ ಕುಸಿದ. ನಾನು ಅದರ ಮೇಲೆ ಕಾಲಿಟ್ಟು ಯಮನಪ್ಪನನ್ನು ಕೂಗಿದೆ.

ಅವನನ್ನು ಹೊತ್ತು ಹೊರಗೆ ಒಯ್ದ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ಆ ಜಾಗಕ್ಕೆ ಬಂದರು. ಅವನು ಮಲಗುತ್ತಿದ್ದ ರವದಿಯ ಹಾಸಿಗೆಯ ಬಳಿ ಮೂರು ಹೊರೆ ಬೇರೆ ಇದ್ದವು. ಅವು ಮೊದಲೇ ಕಟ್ಟಿದ್ದವು, ಸೋಗೆ ಒಣಗಿ ಬಿಳಿಚಿತ್ತು. ನಾನು ಕಟ್ಟಿದ್ದಲ್ಲ. ಯಮನಪ್ಪನ ಹೆಂಡತಿ ಬಗ್ಗಿ ನೋಡಿ ಸರಕ್ಕನೆ ಹಿಂದೆ ಬಂದಳು.

"ಇದು ಮಾಳವ್ವನ ಗಂಟು."

ಹೊರೆ ಕಟ್ಟುವ ಹೆಂಗಸರಿಗೆ ಒಬ್ಬೊಬ್ಬರದೂ ಒಂದು ಗಂಟು. ಮಾಳವ್ವ ಎರಡು ಸುತ್ತು ಹಾಕಿ ತುದಿಯನ್ನು ಒಳಕ್ಕೆ ಮಡಚುತ್ತಿದ್ದಳು, ನನಗೂ ಗೊತ್ತಿತ್ತು. ಮೂರೂ ಹಾಗೇ ಇದ್ದವು. ಆ ದಿನ ಪಡದ ಕಬ್ಬೆಲ್ಲ ಟ್ರ್ಯಾಕ್ಟರ್ ಏರಿತು. ಆ ಮೂರು ಹೊರೆಗಳನ್ನು ಯಾರೂ ಮುಟ್ಟಲಿಲ್ಲ. ಗೌಡರೂ ಮುಟ್ಟಿಸಲಿಲ್ಲ.

ಡಾಕ್ಟರ್ ಸಾಹೇಬರೇ ಓಡಾಡಿ ಭರಮಪ್ಪನನ್ನು ಮನೋರೋಗದ ಆಸ್ಪತ್ರೆಗೆ ಸೇರಿಸಿದರು. ಅದಲು ಬದಲಿನ ಮಾತು ಮತ್ತೆ ಎಂದೂ ಆಡಲಿಲ್ಲ. ಮುಂದಿನ ವರ್ಷ ಹೊಸಬರಿಗೆ ಪಾಠ ಮಾಡುವಾಗ ನಾನು ಪದ್ಧತಿ ಬದಲಿಸಿದೆ. ಬರೀ ಹೂಂ ಸಾಲದು, ಕಡಿಯುವವರ ಹೆಸರು ಹಿಡಿದು ಕರೆಯಬೇಕು. ಗಂಡನ ಹೆಸರು ಹೇಳಲು ಹೆಂಗಸರು ನಾಚಿದರು, ಅದಕ್ಕೆ ಮಕ್ಕಳ ಹೆಸರು ಕೂಗಿದರು. ಪಡದ ತುಂಬ ಮಕ್ಕಳ ಹೆಸರುಗಳು. ಈಗ ಕಡಿಯುವ ಯಂತ್ರಗಳು ಬಂದಿವೆ, ಕಾಲಿಗೆ ಕಟ್ಟುವ ಗಟ್ಟಿ ಪಟ್ಟಿ, ಕೈಗವಸು ಬಂದಿವೆ. ಬಿದ್ದ ಕಬ್ಬಿಗೆ ಮಾತ್ರ ಇನ್ನೂ ಕೊಯ್ತಾವೇ ಬೇಕು.

ನನ್ನ ನಿವೃತ್ತಿಗೆ ಕೆಲವೇ ತಿಂಗಳಿದ್ದಾಗ ಭರಮಪ್ಪ ತನ್ನ ತಂಗಿಯ ಜೊತೆ ದವಾಖಾನೆಗೆ ಬಂದ. ಗಡ್ಡ ಬೋಳಿಸಿದ್ದ, ಮೈ ಕೈ ತುಂಬಿತ್ತು. ಊರಲ್ಲಿ ಕುರಿ ಕಾಯುತ್ತೇನೆ, ಗುಳಿಗೆ ತಪ್ಪಿಸುವುದಿಲ್ಲ ಎಂದ. ತಾನು ಗಾಯ ಮಾಡಿದ ಮೂವರ ಹೆಸರು ಕೇಳಿ ತಿಳಿದುಕೊಂಡ. ಅವರ ಮನೆಗಳಿಗೂ ಹೋಗಿ ಬರುವವನಿದ್ದ. ತಂಗಿ ಚಹಾ ತರಲು ಹೊರಗೆ ಹೋದಾಗ ನಾನು ಕೇಳಿದೆ.

"ಭರಮಪ್ಪಾ, ಆ ಮೂರು ಹೊರಿ ಯಾರು ಕಟ್ಟಿದ್ರು?"

ಅವನು ಕಿಟಕಿಯ ಕಡೆ ನೋಡಿದ.

"ನಾನ ಕಟ್ಟಿದ್ದು. ಆಕೀದು ನೋಡಿ ನೋಡಿ ಗಂಟು ಬರತಿತ್ತು. ಮೂರು ಕಟ್ಟೂದ್ರಾಗ ತಿಳೀತ್ರಿ, ನಾನ ಕಟ್ಟಾಕತ್ತೇನಿ ಅಂದ್ರ ಆಕಿ ಇಲ್ಲಂತ. ಅದಕ್ಕ ಕಟ್ಟೂದು ಬಿಟ್ಟೆ. ಬಿಟ್ಟ ಮ್ಯಾಲ ಆಕಿ ಬರಾಕ ಸುರು ಮಾಡಿದ್ಲು."

ಹೊರಗೆ ಟ್ರ್ಯಾಕ್ಟರುಗಳ ಸಾಲು ಗಡಗಡ ಅನ್ನುತ್ತಿತ್ತು. ಅವನು ಇಷ್ಟು ಹೇಳಿದ ಮೇಲೆ ನಾನು ಸುಮ್ಮನಿರುವುದು ಸಾಧ್ಯವಾಗಲಿಲ್ಲ.

"ನಾನೂ ಒಂದು ಹೇಳೂದೈತಿ. ಆಸ್ಪತ್ರಿ ವರಾಂಡದಾಗ ಹೇಳಬೇಕಿತ್ತು, ಹೇಳಲಿಲ್ಲ. ನಿನ್ನ ಕೊಯ್ತಾದ ಏಟಿಗೆ ಮಾಳವ್ವ ಸತ್ತಿಲ್ಲ. ಗಾಯದಾಗ ರವದಿ ಚೂರು ಉಳದಿತ್ತು. ಅದನ್ನ ನೋಡಲಾರದ ಹೊಲಿಗಿ ಹಾಕಿದಾಕಿ ನಾನು."

ಅವನು ತಿರುಗಿದ. ಬೈಯುತ್ತಾನೆ ಅಂದುಕೊಂಡೆ, ಅಳುತ್ತಾನೆ ಅಂದುಕೊಂಡೆ. ಎರಡಕ್ಕೂ ತಯಾರಾಗಿ ಕೂತೆ.

"ಎಷ್ಟು ದೊಡ್ಡದಿತ್ರೀ ಆ ಚೂರು?"

ನನ್ನ ಕಿರುಬೆರಳು ಮುಂದೆ ಹಿಡಿದು, ಉಗುರಿನ ತುದಿಯನ್ನು ತೋರಿಸಿದೆ.

ಅವನು ಬೆರಳನ್ನು ಮುಟ್ಟಲಿಲ್ಲ. ಹತ್ತಿರ ಬಗ್ಗಿ, ಉಸಿರು ನನ್ನ ಕೈಗೆ ತಾಗುವಷ್ಟು ಹತ್ತಿರ ಬಂದು, ಅದನ್ನೇ ನೋಡುತ್ತಾ ನಿಂತ. ತಂಗಿ ಚಹಾ ತಂದು ಬಾಗಿಲಲ್ಲಿ ನಿಂತಳು, ಒಳಗೆ ಬರಲಿಲ್ಲ.

"ಇಷ್ಟನ?" ಅಂದ ಭರಮಪ್ಪ.

"ಇಷ್ಟ," ಅಂದೆ.